ಪ್ಲೈವುಡ್ಡಿನಾಚೆಯ ಅಸಿಸ್ಟೆಂಟ್

ನಾನು ಮನಸ್ಸು ಕೊಟ್ಟದ್ದು ಒಂದು ಸಾಫ್ಟ್‌ವೇರಿಗೆ. ನಗುವವರು ಈಗಲೇ ನಕ್ಕುಬಿಡಿ.

ಕಾರವಾರದ ಪಕ್ಕದ ಚಿತ್ತಾಕುಲದಲ್ಲಿ ಹರೀಶಣ್ಣನ ಬೋಟ್ ರಿಪೇರಿ ಯಾರ್ಡ್ ಇದೆ. ಅಲ್ಲಿಯ ಆಫೀಸು ನೋಡಿಕೊಳ್ಳುವವಳು ನಾನು, ವೈಜಯಂತಿ. ಮಳೆಗಾಲದಲ್ಲಿ ಮೀನುಗಾರಿಕೆ ಬಂದ್ ಆದ ಕೂಡಲೇ ಬೋಟುಗಳೆಲ್ಲ ನಮ್ಮಲ್ಲಿಗೆ ಬರುತ್ತವೆ, ಆಗಸ್ಟಿಗೆ ಎಲ್ಲವೂ ಮತ್ತೆ ನೀರಿಗಿಳಿಯಬೇಕು. ಯಾವ ಬೋಟಿನ ಯಾವ ಕೆಲಸ ಬಾಕಿ ಎಂದು ತೋರಿಸಲು ಹರೀಶಣ್ಣ ಪ್ರಾಜೆಕ್ಟ್ ಸಾಫ್ಟ್‌ವೇರ್ ತಂದರು. ಅದಕ್ಕೊಂದು ಎಐ ಅಸಿಸ್ಟೆಂಟ್ ಜೋಡಿಸಿದರೆ, ನಾನು ಚಾಟ್‌ನಲ್ಲಿ ಹೇಳಿದ್ದನ್ನೆಲ್ಲ ಅದು ತಾನಾಗಿಯೇ ಸಾಫ್ಟ್‌ವೇರಿನ ಕೆಲಸದ ಬೋರ್ಡಿಗೆ ಏರಿಸುತ್ತದಂತೆ. ಜೋಡಿಸಲು ಅಂಕೋಲೆಯಿಂದ ತುಳಸಿದಾಸ ಬಂದ.

ಬಂದವನು ನನ್ನ ಮುಖ ನೋಡಿದರೆ ಕೇಳಿ. ಚಾ ಕೊಟ್ಟರೆ ಲೋಟ ನೋಡಿ ಥ್ಯಾಂಕ್ಸ್ ಹೇಳುತ್ತಿದ್ದ. ನಾನು ತಲೆ ತಗ್ಗಿಸಿದಾಗ ಮಾತ್ರ ನಮ್ಮಿಬ್ಬರ ನಡುವಿನ ಪ್ಲೈವುಡ್ ಪಾರ್ಟಿಶನ್ನಿನ ಸಂದಿಯಲ್ಲಿ ಒಂದು ಕಣ್ಣು ಹಣಕುತ್ತಿತ್ತು. ತಲೆ ಎತ್ತಿದೆನೋ, ಮಾಯ.

"ಎಂತ ತುಳಸಿದಾಸ, ಕನೆಕ್ಟ್ ಆಯ್ತೋ?"

"ಆಗ್ತದೆ ಮೇಡಂ."

ಅಷ್ಟೇ. ಬಾಯಲ್ಲಿ ಅವಲಕ್ಕಿ ತುಂಬಿಕೊಂಡವನ ಹಾಗೆ.

ಹರೀಶಣ್ಣನಿಗೆ ತಾಳ್ಮೆ ಕಮ್ಮಿ. "ನಾಳೆ ಬೆಳಿಗ್ಗೆಗೆ ನಡೀದಿದ್ರೆ ಇವನ್ನ ಅಂಕೋಲೆ ಬಸ್ಸಿಗೆ ಹತ್ಸಿಬಿಡು ವೈಜಯಂತಿ," ಎಂದು ಅವನಿಗೂ ಕೇಳುವ ಹಾಗೆ ಹೇಳಿದರು. ಮರುದಿನ ಬೆಳಿಗ್ಗೆ ಅಸಿಸ್ಟೆಂಟ್ ಶುರುವಾಯಿತು. ಇನ್ನೂ ಸ್ವಲ್ಪ ಜೋಡಣೆ ಬಾಕಿಯಿದೆ ಎಂದು ತುಳಸಿದಾಸ ಪಾರ್ಟಿಶನ್ನಿನ ಆಚೆಯೇ ಉಳಿದ.

ಏನೆಂದು ಹೇಳಲಿ. "ಎರಡನೇ ಬೋಟಿಗೆ ಇಂಜಿನ್ ಕೂರಿಸಿ ಆಯಿತು" ಎಂದು ಬರೆದೆ. "ಬರೆದುಕೊಂಡೆ. ನೆನೆದು ಬಂದಿದ್ದೀರಿ, ಮೊದಲು ತಲೆ ಒರೆಸಿಕೊಳ್ಳಿ" ಎಂದಿತು. ನೆನೆದದ್ದು ಇದಕ್ಕೆ ಹೇಗೆ ಗೊತ್ತು ಎಂದು ಯೋಚಿಸುವ ಬದಲು ನಾನು ತಲೆ ಒರೆಸಿಕೊಂಡೆ.

ಬರಬರುತ್ತ ಬೋಟಿನ ಮಾತು ಕಡಿಮೆಯಾಗಿ ಬೇರೆ ಮಾತು ಜಾಸ್ತಿಯಾಯಿತು. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಜಗಳವಾಡಿ ಬಂದದ್ದು, ಹೆತ್ತ ಆಯಿ ತೋರಿಸಿದ ಗಂಡನ್ನು ಬೇಡ ಎಂದದ್ದು, ಎಲ್ಲ ಹೇಳಿಕೊಂಡೆ. "ಆಚೆ ಕೂತವನು ಕೀಬೋರ್ಡಿನ ಮೇಲೆ ತೆಂಗಿನಕಾಯಿ ಒಡೆಯುತ್ತಾನೆ" ಎಂದು ದೂರಿದೆ. "ಮೆಲ್ಲಗೆ ಒತ್ತಲು ತಿಳಿಸುತ್ತೇನೆ" ಎಂದಿತು. ಅದೇ ಗಳಿಗೆಗೆ ಆಚೆ ಸದ್ದು ಮೆತ್ತಗಾಯಿತು. ಆಗಲೂ ನನಗೆ ಟ್ಯೂಬ್‌ಲೈಟ್ ಹತ್ತಲಿಲ್ಲ.

ಶುಕ್ರವಾರ ಧೈರ್ಯ ಮಾಡಿ ಕೇಳಿದೆ: "ಈ ತುಳಸಿದಾಸನಿಗೆ ಮದುವೆಯಾಗಿದೆಯಾ? ಮಾತಾಡದಿದ್ದರೂ ಕಣ್ಣು ಚಂದ ಇದೆ."

ಆಚೆ ಸ್ಟೀಲ್ ಲೋಟ ಬಿದ್ದು ಉರುಳಿದ ಸದ್ದು. ಆಮೇಲೆ ಉತ್ತರ ಬಂತು: "ಆಗಿಲ್ಲ. ಒಳ್ಳೆಯ ಹುಡುಗ."

ಸೋಮವಾರ ತುಳಸಿದಾಸ ನನ್ನ ಮೇಜಿನ ಕಾಲು ನೋಡುತ್ತ ನಿಂತ. "ಪೂರ್ತಿ ಕನೆಕ್ಟ್ ಆಯ್ತು ಮೇಡಂ. ಇನ್ನು ತೊಂದ್ರೆ ಬಂದ್ರೆ ಅಂಕೋಲೆಯಿಂದ್ಲೇ ನೋಡ್ತೆ." ಕೆಲಸ ಮುಗಿಸಿದವನ ಮುಖ ಸಪ್ಪೆಯಾಗಿತ್ತು. ನಾನು ಎಂದಿನಂತೆ ಅಸಿಸ್ಟೆಂಟಿಗೆ ಬರೆದೆ: "ಯಾಕೋ ತಲೆನೋವು ಮಾರಾಯ."

"ಹೊಸ ಕೆಲಸ ಸೇರಿಸಲಾಗಿದೆ: ತಲೆನೋವು. ಜವಾಬ್ದಾರಿ: ವೈಜಯಂತಿ. ಯಾವ ತಾರೀಖಿನೊಳಗೆ ಮುಗಿಸುತ್ತೀರಿ?"

ಎರಡು ಸಲ ಓದಿದೆ. "ಮನಸ್ಸಿಗೂ ಬೇಜಾರು" ಎಂದು ಬರೆದೆ. ಅದನ್ನೂ ತಲೆನೋವಿನ ಕೆಳಗೆ ಸೇರಿಸಿತು.

"ಎಂತ ಮಾಡಿಟ್ರಿ ಇದಕೆ? ಶುಕ್ರವಾರದವರೆಗೆ ಬಂಗಾರದ ಹಾಗಿತ್ತು. ನಂಗೆ ಹಳೇದೇ ಬೇಕು."

ತುಳಸಿದಾಸನ ಕಿವಿ ಕೆಂಪಾಯಿತು. "ಹಳೇದು ಮೆಷಿನ್ ಅಲ್ಲ ಮೇಡಂ. ಕನೆಕ್ಟ್ ಆಗ್ತಾನೇ ಇರ್ಲಿಲ್ಲ. ಹರೀಶಣ್ಣ ಓಡಿಸ್ತಾರೆ ಹೇಳಿ ಹೆದರಿ, ಒಂದು ದಿನದ ಮಟ್ಟಿಗೆ ನಾನೇ ಟೈಪ್ ಮಾಡ್ದೆ. ಬೋರ್ಡಿಗೂ ನಾನೇ ತುಂಬಿಸ್ದೆ. ಮತ್ತೆ ಬಿಡೂಕೆ ಆಗ್ಲಿಲ್ಲ."

ಮೀನು ಮಾರ್ಕೆಟ್ಟು, ಆಯಿ, ಬೇಡವಾದ ಗಂಡು, ಚಂದದ ಕಣ್ಣು, ಎಲ್ಲ ಒಟ್ಟಿಗೆ ನೆನಪಾಗಿ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನನಗೆ ನಾಚಿಕೆಯಾದರೂ ಮೊದಲು ಬರುವುದು ಸಿಟ್ಟೇ.

"ನಿಮಗೆ ನೀವೇ ಸರ್ಟಿಫಿಕೇಟ್ ಬರ್ಕಂಡ್ರಲ್ಲ, ಒಳ್ಳೆ ಹುಡುಗ ಹೇಳಿ. ಮರ್ಯಾದೆ ಇದ್ಯೋ?"

"ಇಲ್ಲ," ಎಂದ. "ತಪ್ಪಾಯ್ತು." ಬ್ಯಾಗು ಹೆಗಲಿಗೇರಿಸಿದ.

ಇವನು ಬಾಗಿಲು ದಾಟಿದರೆ ನನ್ನ ಪಾಲಿಗೆ ಉಳಿಯುವುದು ಆ ತಲೆನೋವು ಬರೆದುಕೊಳ್ಳುವ ಯಂತ್ರ. ಇಷ್ಟು ದಿನ ನನ್ನ ಮಾತು ಕೇಳಿದ್ದು, ನಾನು ನೆನೆದದ್ದು ನೋಡಿದ್ದು ಈ ಮನುಷ್ಯ. ಅವನು ಹೋಗುವುದು ನನಗೆ ಬೇಡವಾಗಿತ್ತು, ಖಂಡಿತ ಬೇಡವಾಗಿತ್ತು.

"ನಿಲ್ಲಿ. ಅಷ್ಟೆಲ್ಲ ಬರೀತಿದ್ರಲ್ಲ, ಒಂದು ಮಾತು ಬಾಯಲ್ಲಿ ಹೇಳಿ ಹೋಗಿ."

ಅವನ ಕೈ ನನ್ನ ಮೇಜಿನ ಲ್ಯಾಪ್‌ಟಾಪಿನ ಕಡೆ ಹೋಯಿತು. ನಾನು ಅದನ್ನು ಮುಚ್ಚಿ ಮೇಲೆ ಕೈಯಿಟ್ಟೆ. ಅವನು ಸೂರು ನೋಡಿದ, ಕಿಟಕಿ ನೋಡಿದ, ಕಡೆಗೆ ಬೇರೆ ದಾರಿಯಿಲ್ಲದೆ ನನ್ನನ್ನು ನೋಡಿದ. ಎರಡೂ ಕಣ್ಣುಗಳನ್ನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ.

"ವೈಜಯಂತಿ," ಎಂದ. ಮೇಡಂ ಇರಲಿಲ್ಲ. "ನೀವು ಬೈದ್ರೂ ಅಡ್ಡಿಲ್ಲ. ದಿನಾ ಬೈರಿ. ಆದ್ರೆ ನಂಗೇ ಬೈಬೇಕು, ಬೇರೆ ಯಾರಿಗೂ ಅಲ್ಲ. ನಂಗೆ ನೀವು ಬೇಕು. ಬರೂ ಆಯ್ತಾರ, ರಜೆ ದಿನ, ನಮ್ಮ ಆಯಿಯನ್ನ ಕರ್ಕಂಡು ನಿಮ್ಮನೆಗೆ ಬರ್ಲೋ?"

ಹೇಳಿ ಮುಗಿಸುವಷ್ಟರಲ್ಲಿ ಪಾಪ, ಬೆವೆತು ಹೋಗಿದ್ದ. ಸ್ವಲ್ಪ ಹೊತ್ತು ಸತಾಯಿಸಬೇಕು, ಯೋಚಿಸಿ ಹೇಳುತ್ತೇನೆ ಎನ್ನಬೇಕು ಎಂದುಕೊಂಡೇ ನಾನು ಬಾಯಿ ತೆರೆದೆ.

"ಆಯ್ತಾರ ಎಂತಕೆ? ನಾಳೆನೇ ಬನ್ನಿ."