ಬೋಣಿ ಕೊಕ್ಕೆ

ಹಗ್ಗ ತುಂಡಾಗಿರಲಿಲ್ಲ.

ಒಂಬತ್ತನೇ ಮಹಡಿಯಿಂದ ಇಳಿಬಿದ್ದಿದ್ದ ಹಗ್ಗ ಗಾಳಿಗೆ ಮೆಲ್ಲಗೆ ತೂಗುತ್ತಿತ್ತು. ಹೊಸ ಹಗ್ಗ, ಒಂದು ಎಳೆಯೂ ಕಿತ್ತಿಲ್ಲ. ಕೆಳಗೆ, ಚೆಲ್ಲಿಹೋದ ಹಸಿರು ಬಣ್ಣದ ನಡುವೆ, ಭಾವನ ಸೊಂಟಪಟ್ಟಿ ಬಿದ್ದಿತ್ತು. ಪಟ್ಟಿಯಲ್ಲಿ ಎರಡು ಕೊಕ್ಕೆ. ಎರಡೂ ಮುರಿದಿದ್ದವು.

ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದ ಭಾವನನ್ನು ಅಷ್ಟರಲ್ಲಿ ಗಾಡಿಗೆ ಹಾಕಿಕೊಂಡು ಹೋಗಿದ್ದರು. ಅವಸರವೇನೂ ಇರಲಿಲ್ಲ, ಉಸಿರು ನೆಲದ ಮೇಲೇ ನಿಂತಿತ್ತು. ಅವಳು ಬಗ್ಗಿ, ಸೆರಗಿನಿಂದ ಒಂದು ಕೊಕ್ಕೆಯ ಬಣ್ಣ ಒರೆಸಿದಳು. ಒತ್ತಿದ್ದ ಅಕ್ಷರ ಕಂಡಿತು.

ತನ್ನ ಕಾರ್ಖಾನೆಯ ಕೊಕ್ಕೆ. ಹೋದ ತಿಂಗಳದ್ದು.

ಹಿಂದಿನಿಂದ ಅಕ್ಕನ ದನಿ ಬಂತು. ಅಳು ಇರಲಿಲ್ಲ ಅದರಲ್ಲಿ, ಅದೇ ಹೆದರಿಕೆ ಹುಟ್ಟಿಸಿತು.

"ಇದನ್ನ ಪರೀಕ್ಷೆ ಮಾಡಿ ಸಹಿ ಹಾಕೋದು ನೀನೇ ತಾನೇ?"

"ಹೌದಕ್ಕ."

"ಎರಡೂ ಹೇಗೆ ಮುರೀತು ಹೇಳು ಮತ್ತೆ."

ಅವಳು ಎರಡನೇ ಕೊಕ್ಕೆಯ ಬಣ್ಣವನ್ನೂ ಒರೆಸಿದಳು. ಅದೇ ಅಕ್ಷರ.

"ಗೊತ್ತಾದ ಮೇಲೆ ಮನೆಗೆ ಬಾ. ಅಲ್ಲೀವರೆಗೂ ನನ್ನ ಮುಖ ನೋಡಬೇಡ."

* * *

ಕಾರ್ಖಾನೆಯಲ್ಲಿ ಅವಳ ಕೆಲಸವನ್ನು ಒಂದೇ ಮಾತಲ್ಲಿ ಹೇಳಿಬಿಡಬಹುದು: ಮುರಿಯುವುದು. ಕೊಕ್ಕೆಯನ್ನು ಯಂತ್ರದ ಎರಡು ದವಡೆಗೆ ಸಿಕ್ಕಿಸಿ, ಅದು ಟಪ್ಪೆಂದು ಮುರಿಯುವವರೆಗೂ ಎಳೆಯುವುದು. ಮುಳ್ಳು ಎರಡು ಸಾವಿರ ಕಿಲೋ ದಾಟಿದರೆ ಪಾಸು. ರಿಜಿಸ್ಟರಿನಲ್ಲಿ ಬರೆದು ಸಹಿ.

ತಮಾಷೆಯೋ ಕರ್ಮವೋ, ಪರೀಕ್ಷೆಯಾದ ಕೊಕ್ಕೆ ಉಳಿಯುವುದಿಲ್ಲ. ಉಳಿದ ಕೊಕ್ಕೆಗೆ ಪರೀಕ್ಷೆ ಆಗಿರುವುದಿಲ್ಲ. ಎಲ್ಲವನ್ನೂ ಎಳೆದರೆ ಮಾರಲು ಏನಿದೆ? ಅದಕ್ಕೇ ಇಪ್ಪತ್ತನಾಲ್ಕಕ್ಕೊಂದು. ದಿನಕ್ಕೆ ಇನ್ನೂರ ನಲವತ್ತು ಕೊಕ್ಕೆ ಬಂದರೆ ಅವಳ ಪಾಲಿಗೆ ಹತ್ತು.

ಮೂರನೇ ದಿನ ತನಿಖೆಯವರು ಬಂದರು. ಕುಳ್ಳಗಿನ ಮನುಷ್ಯ. ಕಂಕುಳಲ್ಲಿ ಚೌಕುಳಿ ಕಾಗದದ ಕಟ್ಟು, ಕಿವಿಯ ಮೇಲೆ ಪೆನ್ಸಿಲು. ಬಂದವರೇ ರಿಜಿಸ್ಟರ್ ಹಿಡಿದು ಕೂತು, ಒಂದೊಂದು ಕೊಕ್ಕೆಗೆ ಒಂದೊಂದು ಚುಕ್ಕಿ ಇಡತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಇಡೀ ಕಾರ್ಖಾನೆ ಅವರಿಗೆ ‘ಚುಕ್ಕಿ ಸಾಹೇಬ್ರು’ ಅಂತ ಹೆಸರಿಟ್ಟಾಗಿತ್ತು.

ಮ್ಯಾನೇಜರ್ ಬಾಗಿಲಲ್ಲೇ ಚಡಪಡಿಸುತ್ತಿದ್ದರು. "ಅನ್ನ ಬೆಂದಿದೆಯಾ ನೋಡಕ್ಕೆ ಒಂದು ಅಗುಳು ಸಾಕಲ್ವಾ ಸಾರ್? ಮೊದಲಿಂದ ನಮ್ದು ಅದೇ ಪದ್ಧತಿ."

"ಸಾಕು ಸಾಕು. ಸೌಟು ಆಡಿಸಿದ್ರೆ ಸಾಕು," ಎಂದರು ಸಾಹೇಬರು, ತಲೆ ಎತ್ತದೆ.

ಸಂಜೆ ನಾಲ್ಕಕ್ಕೆ ಎರಡು ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು.

"ಇದು ಹೋದ ತಿಂಗಳಿಗೂ ಹಿಂದಿನ ತಿಂಗಳು. ನೋಡಿ."

ಮೊರದಿಂದ ಕಾಳು ಸುರಿದ ರಾಶಿಯ ಹಾಗಿತ್ತು ಚುಕ್ಕಿಗಳ ಗುಂಪು. ನಡುವೆ ಎತ್ತರ, ಎರಡೂ ಕಡೆ ಇಳಿಜಾರು. ಎರಡು ಸಾವಿರದ ನೂರರಿಂದ ಎರಡು ಸಾವಿರದ ಐನೂರರವರೆಗೆ ಹರಡಿಕೊಂಡಿತ್ತು.

"ಇದು ಹೋದ ತಿಂಗಳು."

ರಾಶಿ ಇಲ್ಲ! ಎರಡು ಸಾವಿರದ ಮುನ್ನೂರರ ಮೇಲೆ ಒಂದರ ತಲೆ ಮೇಲೊಂದು ಚುಕ್ಕಿ. ನೆಟ್ಟ ಕಂಬ.

ಮ್ಯಾನೇಜರ್ ಬೆರಳು ಚಿಟಿಕೆ ಹೊಡೆದರು. "ಸಿಕ್ತಲ್ಲ ಸಾರ್! ಕೂತಲ್ಲೇ ಕೂತು ಬರೆದಿದ್ದಾಳೆ. ಎಳೆದೇ ಇಲ್ಲ ಇವಳು!"

ಅವಳು ರಿಜಿಸ್ಟರನ್ನು ಮುಂದಕ್ಕೆ ತಳ್ಳಿದಳು. "ಇಲ್ಲ ಸಾರ್. ಮುಳ್ಳು ತೋರ್ಸಿದ್ದೇ ಬರೆದಿದ್ದೀನಿ. ದೇವರಾಣೆ."

"ನಂಬ್ತೀನಿ."

ಇಬ್ಬರೂ ಸಾಹೇಬರ ಕಡೆ ತಿರುಗಿದರು.

"ಸುಳ್ಳು ಬರೆಯೋರು ಹೀಗೆ ಬರೆಯಲ್ಲ ಮ್ಯಾನೇಜರ್ರೇ. ಒಂದು ಮೇಲೆ, ಒಂದು ಕೆಳಗೆ ಅಂತ ಹರಡ್ತಾರೆ. ನಂಬಿಸ್ಬೇಕಲ್ಲ! ಇಷ್ಟು ಒತ್ತೊತ್ತಾಗಿ ನಿಜ ಮಾತ್ರ ಕೂತ್ಕೊಳ್ಳುತ್ತೆ. ಒಂದೇ ತಾಯಿ ಮಕ್ಕಳ ಮೂಗಿನ ಹಾಗೆ." ಪೆನ್ಸಿಲು ಕಂಬದ ಬಲಕ್ಕೆ ಸರಿಯಿತು. ಅಲ್ಲಿ ಹತ್ತು ಚುಕ್ಕಿಗಳು ಬೇರೆಯಾಗಿ, ಎರಡು ಸಾವಿರದ ನಾಲ್ಕುನೂರರ ಮೇಲೆ ಗುಂಪಾಗಿದ್ದವು. "ಈ ಹತ್ತೂ ಒಂದೇ ದಿನದ್ದು. ಹದಿನೇಳನೇ ತಾರೀಕು. ಅವತ್ತು ಏನಾಗಿತ್ತಮ್ಮ?"

"ಏನಿಲ್ಲ ಸಾರ್. ಅದೇ ಯಂತ್ರ, ಅದೇ ನಾನು."

"ಯೋಚ್ನೆ ಮಾಡಿ."

"ಎರಕದ ಮೇಸ್ತ್ರಿ ಅಣ್ಣ ರಜಾ ಹಾಕಿದ್ರು. ಅತ್ತಿಗೆ ಕಣ್ಣಿಗೆ ಆಪರೇಷನ್ ಅಂತ. ಅಷ್ಟೇ..." ಅವಳು ಸುಮ್ಮನೆ ಸೇರಿಸಿದಳು, "ಬೋಣಿ ಇರ್ಲಿಲ್ಲ ಅವತ್ತು."

ಪೆನ್ಸಿಲು ನಿಂತಿತು.

"ಬೋಣಿ? ಕೊಕ್ಕೆಗೆ?"

"ತಮಾಷೆಗೆ ಸಾರ್. ದಿನಾ ಬೆಳಗ್ಗೆ ಮೊದಲನೇ ಕೊಕ್ಕೆ ಅಣ್ಣ ತಾವೇ ಎತ್ತಿ ನನ್ನ ಕೈಗೆ ಕೊಡ್ತಾರೆ. ‘ತಗೋ ತಂಗ್ಯಮ್ಮ, ಬೋಣಿ ನನ್ನ ಕೈಯಿಂದ’ ಅಂತ. ಅಲ್ಲಿಂದ ನಾನು ಎಣಿಸ್ತೀನಿ."

"ಯಾವತ್ತಿಂದ ಈ ಬೋಣಿ?"

"ನನ್ನ ಮೇಜು ಇಲ್ಲಿಗೆ ತಂದು ಹಾಕಿದಾಗಿಂದ. ಮುಂಚೆ ನಾನು ಆ ಕಡೆ ಇದ್ದೆ, ಉಜ್ಜೋ ಡ್ರಮ್ ಆದ್ಮೇಲೆ. ದೂಳಿಗೆ ಕೆಮ್ಮು ಬರ್ತಿತ್ತು. ಪಾಪ, ಅಣ್ಣನೇ ನೋಡಿ—"

ವಾಕ್ಯ ಮುಗಿಯಲಿಲ್ಲ. ಯಾಕೆಂದು ಅವಳಿಗಿನ್ನೂ ತಿಳಿದಿರಲಿಲ್ಲ.

* * *

ಎರಕದ ಶೆಡ್ಡಿನಲ್ಲಿ ಅಂದಿನ ಕೆಲಸ ನಿಲ್ಲಿಸಿದ್ದರು. ಅಚ್ಚು ಬಾಯಿ ತೆರೆದುಕೊಂಡು ಕೂತಿತ್ತು. ಅದರಲ್ಲಿ ಸಾಲಾಗಿ ಎಂಟು ಗುಳಿ. ಇಲ್ಲಿಯವರು ಒಂದೊಂದು ಗುಳಿಗೂ ‘ಮನೆ’ ಎನ್ನುತ್ತಾರೆ. ಕರಗಿದ ಲೋಹ ಹೊಯ್ದರೆ ಒಂದು ಸಲಕ್ಕೆ ಎಂಟು ಮನೆಯಿಂದ ಎಂಟು ಕೊಕ್ಕೆ, ಸಾಲು ತಪ್ಪದೆ ಓಡುವ ಪಟ್ಟಿಯ ಮೇಲೆ ಬರುತ್ತವೆ. ಮುಂದೆ ಉಜ್ಜುವ ಡ್ರಮ್ಮಿಗೆ ಬಿದ್ದು ಗಡಗಡ ಉರುಳಿ, ಆಚೆ ಬುಟ್ಟಿಗೆ.

ಮೇಸ್ತ್ರಿ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಮೂವತ್ತು ವರ್ಷದ ಬೆಂಕಿ ಕಂಡ ಮುಖ. ಅವಳನ್ನು ನೋಡಿ ಎಂದಿನಂತೆ, "ಊಟ ಆಯ್ತಾ ತಂಗ್ಯಮ್ಮ?" ಎಂದರು.

ಅವಳು ಅಚ್ಚಿನ ಕಡೆ ತಿರುಗಿದಳು.

"ಮೇಸ್ತ್ರಿಗಳೇ," ಸಾಹೇಬರು ಅಚ್ಚಿನ ಮೇಲೆ ಬಗ್ಗಿದರು, "ಪ್ರತಿ ಮನೇಲೂ ಒಂದು ನಂಬರ್ ಇರ್ಬೇಕಲ್ವಾ? ಒಂದು, ಎರಡು, ಮೂರು ಅಂತ ಕೊಕ್ಕೆ ಮೇಲೆ ಮೂಡ್ಬೇಕು?"

"ಸವೆದುಹೋಗಿದೆ ಸಾರ್."

"ಎಂಟೂ ಮನೇಲಿ ಒಟ್ಟಿಗೇನಾ?"

ಮೇಸ್ತ್ರಿ ಟೋಪಿಯನ್ನು ಇನ್ನೊಂದು ಕೈಗೆ ದಾಟಿಸಿದರು.

"ಬೇರೆ ಅಕ್ಷರ ಎಲ್ಲಾ ಚೆನ್ನಾಗೇ ಇದೆ. ನಂಬರ್ ಮಾತ್ರ ಸವೆದಿದೆ! ಇರ್ಲಿ. ಇವರು ಇಪ್ಪತ್ತನಾಲ್ಕಕ್ಕೊಂದು ಎತ್ತುತ್ತಾರೆ ಅಂತ ನಿಮಗೆ ಗೊತ್ತು?"

"ಎಲ್ಲರಿಗೂ ಗೊತ್ತು."

"ಎಂಟು ಮೂರ್ಲಿ?"

"ಇಪ್ಪತ್ತನಾಲ್ಕು," ಎಂದದ್ದು ಮೇಸ್ತ್ರಿ ಅಲ್ಲ. ಅವಳು. ಅವಳು ಪಕ್ಕದ ಡಬ್ಬಿಯ ಮೇಲೆ ಕೂತಳು.

ಸಾಹೇಬರು ಅವಳ ಕಡೆ ನೋಡದೆ ಮಾತಾಡಿದರು. ನೋಡಲು ಅವರಿಗೂ ಧೈರ್ಯವಿರಲಿಲ್ಲವೇನೋ.

"ಮೇಜು ಡ್ರಮ್ಮಿನ ಆಚೆ ಇದ್ದಾಗ ಎಂಟು ಮನೆ ಕೊಕ್ಕೆನೂ ಕಲೆತು ಬರ್ತಿತ್ತು. ಇವರು ಎಷ್ಟಕ್ಕೊಂದು ಎತ್ತಿದ್ರೂ ಒಂದ್ಸಲ ಈ ಮನೇದು, ಒಂದ್ಸಲ ಆ ಮನೇದು ಸಿಗ್ತಿತ್ತು. ಅದಕ್ಕೇ ಚುಕ್ಕಿ ರಾಶಿ. ಸೌಟು ಆಡಿಸಿದ ಅನ್ನ ಅದು. ಮೇಜು ಈಚೆ ಬಂತು. ಈಗ ಕೊಕ್ಕೆ ಸಾಲಾಗಿ ಬರುತ್ತೆ. ಬೋಣಿ ಒಂದನೇ ಮನೇದಾದ್ರೆ, ಅಲ್ಲಿಂದ ಇಪ್ಪತ್ತನಾಲ್ಕನೇದೂ ಒಂದನೇ ಮನೇದೇ. ಸಂಜೆವರೆಗೂ ಅದೇ ಮನೇದೇ. ಅದಕ್ಕೇ ಚುಕ್ಕಿ ಕಂಬ. ಹದಿನೇಳನೇ ತಾರೀಕು ಬೋಣಿ ಕೊಡೋರು ಇರ್ಲಿಲ್ಲ. ಇವರು ತಾವೇ ಎಲ್ಲಿಂದ್ಲೋ ಶುರು ಮಾಡಿದ್ರು, ಕಂಬ ಪಕ್ಕಕ್ಕೆ ಸರೀತು. ಬೇರೆ ಯಾವುದೋ ಒಳ್ಳೇ ಮನೆ ಸಿಕ್ತು, ಗ್ರಹಚಾರ. ಕೆಟ್ಟ ಮನೆ ಸಿಕ್ಕಿದ್ದಿದ್ರೆ ಅವತ್ತೇ ಬಯಲಾಗ್ತಿತ್ತು."

"ಕೆಟ್ಟ ಮನೆ ಅಂದ್ರೆ?" ಮ್ಯಾನೇಜರ್ ದನಿ ಇಳಿದಿತ್ತು.

"ಇಲ್ಲಿ ನೋಡಿ. ಮೂರನೇದು."

ಮೂರನೇ ಗುಳಿಯ ತಳದಲ್ಲಿ ಕೂದಲೆಳೆಯಷ್ಟು ಬಿರುಕು.

"ಬಿರುಕಲ್ಲಿ ಗಾಳಿ ಸಿಕ್ಕಿಕೊಳ್ಳುತ್ತೆ. ಹೊರಗೆ ನೋಡಕ್ಕೆ ಕೊಕ್ಕೆ ಚಂದ, ಒಳಗೆಲ್ಲಾ ಜೇನುಗೂಡು. ಸತ್ತವರ ಎರಡೂ ಕೊಕ್ಕೆ ಹಾಗೇ ಇತ್ತು. ಈಗ ತಾನೇ ಪಟ್ಟಿ ಮೇಲಿಂದ ಈ ಮನೇದು ಒಂದು ಎಳೆಸಿದೆ. ಆರುನೂರಕ್ಕೆ ಹೋಯ್ತು. ಹೋದ ತಿಂಗಳು ಇವರು ಇನ್ನೂರ ನಲವತ್ತು ಕೊಕ್ಕೆ ಮುರಿದಿದ್ದಾರೆ. ಎಂಟಕ್ಕೊಂದು ಕೆಟ್ಟದ್ದು ಅಂದ್ರೆ ಮೂವತ್ತು ಕೈಗೆ ಸಿಗ್ಬೇಕಿತ್ತು. ಇಪ್ಪತ್ತಾದ್ರೂ. ಒಂದೂ ಸಿಗ್ಲಿಲ್ಲ. ಅದು ಅದೃಷ್ಟ ಅಲ್ಲ ಮೇಸ್ತ್ರಿಗಳೇ. ಅದು ನೀವು."

ಮೇಸ್ತ್ರಿ ಟೋಪಿಯನ್ನು ಹಿಂಡುತ್ತಿದ್ದರು.

"ಯಾಕಣ್ಣ?" ಅವಳು ಕೇಳಿದಳು.

"ಕೊಕ್ಕೆ ಅಚ್ಚಿಗೆ ಕಚ್ಕೊಂಡ್ಬಿಟ್ಟಿತ್ತು ತಂಗ್ಯಮ್ಮ. ಮರದ ಸುತ್ತಿಗೇಲಿ ತಟ್ಟಬೇಕು. ಅವತ್ತು ಕೈಗೆ ಸಿಕ್ಕಿದ್ದು ಕಬ್ಬಿಣದ್ದು. ಒಂದೇ ಏಟು. ಹೊಸ ಹುಡುಗರಿಗೆ ದಿನಾ ಬೈಯ್ಯೋನು ನಾನು, ಅದೇ ತಪ್ಪು ನನ್ನ ಕೈಲೇ... ಹೊಸ ಅಚ್ಚು ಎರಡು ತಿಂಗಳಿಗೆ ಹೇಗೂ ಬರ್ತಿತ್ತು. ಅಲ್ಲೀವರೆಗೆ ತಳ್ಳಿದ್ರೆ ಯಾರಿಗೂ ಗೊತ್ತಾಗಲ್ಲ ಅಂತ—"

"ನನ್ನ ಕೆಮ್ಮು?"

"ಕೆಮ್ಮೂ ಇತ್ತಲ್ಲಮ್ಮ. ಸುಳ್ಳಲ್ಲ ಅದು."

ಆ ಮಾತಿಗೆ ಅವಳಿಗೆ ಚೀರಬೇಕೆನಿಸಿತು. ಆಗಲಿಲ್ಲ.

"ಒಂದು ಕೊಕ್ಕೆ ಹೋದ್ರೂ ಇನ್ನೊಂದು ಹಿಡಿಯುತ್ತೆ ಅಂದ್ಕೊಂಡೆ. ಸೊಂಟಕ್ಕೆ ಎರಡು ಇರುತ್ತಲ್ಲ? ಎರಡೂ ಮೂರನೇ ಮನೇದೇ ಆಗ್ಬೇಕಾ? ಅದೂ ನಿನ್ನ ಭಾವಂಗೇ? ಹಾಗೆಲ್ಲಾದ್ರೂ ಆಗುತ್ತಾ?"

"ಆಗುತ್ತೆ," ಎಂದರು ಸಾಹೇಬರು. "ಯಾರಿಗೆ ಅಂತ ಹೇಳಕ್ಕಾಗಲ್ಲ. ಎಷ್ಟು ಜನಕ್ಕೆ ಅಂತ ಹೇಳ್ಬಹುದು." ಕಿವಿಯ ಮೇಲಿನ ಪೆನ್ಸಿಲು ತೆಗೆದರು. "ಎಂಟಕ್ಕೊಂದು ಕೆಟ್ಟದ್ದು. ಎರಡೂ ಕೆಟ್ಟದ್ದಾಗೋದು ಎಂಟೆಂಟ್ಲಿ ಅರವತ್ತನಾಲ್ಕು ಜೋಡಿಗೆ ಒಂದು. ಹೋದ ತಿಂಗಳು ಎಷ್ಟು ಕೊಕ್ಕೆ ಹೊರಗೆ ಹೋಯ್ತು ಮ್ಯಾನೇಜರ್ರೇ?"

"ಐದು ಸಾವಿರದ ಐನೂರು. ಪೂರ್ತಿ ಖಾಲಿ."

"ಎರಡು ಸಾವಿರದ ಏಳುನೂರು ಚಿಲ್ಲರೆ ಜೋಡಿ." ಗೋಡೆಗೆ ಕಾಗದ ಒತ್ತಿ ಭಾಗಿಸಿದರು. "ನಲವತ್ಮೂರು. ಒಂದೆರಡು ಹೆಚ್ಚುಕಮ್ಮಿ. ಒಬ್ಬರು ಬಿದ್ದಿದ್ದಾರೆ."

"ಉಳಿದ ನಲವತ್ತೆರಡು ಯಾವುದು ಸಾರ್?" ಅವಳು ಎದ್ದು ನಿಂತಿದ್ದಳು. "ನಂಬರ್ ಉಜ್ಜಿಬಿಟ್ಟಿದ್ದಾರೆ. ನೋಡಿದ್ರೆ ಗೊತ್ತಾಗಲ್ಲ. ಹೇಗೆ ಹುಡುಕ್ತೀರಾ?"

"ಎಳೆದು ನೋಡ್ಬೇಕು."

"ಎಳೆದ್ರೆ ಒಳ್ಳೇದೂ ಮುರಿಯುತ್ತೆ."

"ಹೌದಮ್ಮ."

ಸಾಹೇಬರು ಮೇಸ್ತ್ರಿಯನ್ನು ಕರೆದುಕೊಂಡು ಹೊರಟರು. ಬಾಗಿಲ ಬಳಿ ಅವಳು ಅಡ್ಡ ಬಂದಳು. "ಸಾರ್, ಒಂದೇ ಮಾತು. ನನ್ನ ತಪ್ಪಾ?"

ಅವರು ಪೆನ್ಸಿಲನ್ನು ಮತ್ತೆ ಕಿವಿಯ ಮೇಲೆ ಸಿಕ್ಕಿಸಿಕೊಂಡರು. "ಎಣಿಕೆ ನೀವು ತಪ್ಪಿಲ್ಲ. ಒಂದು ದಿನವೂ ತಪ್ಪಿಲ್ಲ. ತಪ್ಪಿದ್ದಿದ್ರೆ ಸಿಕ್ಕಿಬಿಡ್ತಿತ್ತು."

ಅಕ್ಕನಿಗೆ ಇದನ್ನು ಹೇಗೆ ಹೇಳುವುದು? ಶ್ರದ್ಧೆಯಿಂದ ಎಣಿಸಿದ್ದಕ್ಕೇ ಭಾವ ಹೋದ ಎಂದು? ಒಂದು ದಿನವಾದರೂ ಮೈಮರೆತು ಇಪ್ಪತ್ತೈದಕ್ಕೊಂದರಂತೆ ಎತ್ತಿದ್ದರೆ ಮನೆಗೆ ಮನೆ ಬದಲಾಗಿ, ಮೂರನೆಯದು ಕೈಗೆ ಬಂದಿರುತ್ತಿತ್ತು. ಹೋಗಬಹುದಿತ್ತು ಅಕ್ಕನ ಹತ್ತಿರ, ಉತ್ತರ ಸಿಕ್ಕಿತ್ತಲ್ಲ. ಆದರೆ ಗಡಿಯಾರ ಐದೂ ಕಾಲು ತೋರಿಸುತ್ತಿತ್ತು. ಬೆಳಕಿನ್ನೂ ಇತ್ತು. ಬೆಳಕಿರುವವರೆಗೂ ಬಣ್ಣದವರು ಇಳಿಯುವುದಿಲ್ಲ.

ಆಫೀಸಿಗೆ ಹೋಗಿ ಸರಕು ಕೊಂಡವರ ಪಟ್ಟಿ ತೆಗೆದಳು. ಅರ್ಧಕ್ಕರ್ಧ ಅಂಗಡಿಗಳು. ಅಲ್ಲಿಂದ ಬಿಡಿಬಿಡಿಯಾಗಿ ಯಾರ ಸೊಂಟಕ್ಕೆ ಹೋಯಿತೋ, ಯಾರಿಗೆ ಗೊತ್ತು! ಫೋನ್ ಮಾಡತೊಡಗಿದಳು. ಮೊದಲ ನಂಬರಿನವರು ಎತ್ತಲಿಲ್ಲ. ಎರಡನೆಯವನು, "ಆಮೇಲೆ ಮಾಡಿ" ಎಂದ. ಮೂರನೆಯವಳು ಅಂಗಡಿಯ ಹೆಂಗಸು. "ಅಯ್ಯೋ, ಯಾರ್ ತಗೊಂಡ್ರು ಅಂತ ಬರೆದಿಡ್ತೀವಾ?" ಎಂದು ಅಳತೊಡಗಿದಳು. ನಾಲ್ಕನೆಯವರು ಎತ್ತಿದರು. ಗಾಳಿಯ ಸದ್ದು, ಹಿಂದೆ ಯಾರೋ ಹಾಡು ಗುನುಗುತ್ತಿದ್ದರು.

"ಯಾರು?"

"ಅಣ್ಣ, ಕೊಕ್ಕೆ ಕಾರ್ಖಾನೆಯಿಂದ. ನಿಮ್ಮೋರು ಎಷ್ಟು ಜನ ಮೇಲಿದ್ದಾರೆ?"

"ಮೇಲಿರೋದು ನಾನೇ ಕಣಮ್ಮ. ನಾನೂ, ನನ್ನ ಮಗನೂ. ಹದಿಮೂರನೇ ಮಹಡಿ. ಬೇಗ ಹೇಳಿ, ಕೈ ಒದ್ದೆ ಇದೆ."

"ಕೊಕ್ಕೆ ಕೆಟ್ಟದ್ದು ಬಂದಿದೆ ಅಣ್ಣ. ಎಲ್ಲಾ ಅಲ್ಲ, ಕೆಲವು. ಕೆಲಸ ಬಿಟ್ಟು ಇಳಿದುಬಿಡಿ. ನಿಧಾನ. ಜಗ್ಗಬೇಡಿ."

ಹಾಡು ನಿಂತಿತು. ಗಾಳಿ ಮಾತ್ರ ಕೇಳುತ್ತಿತ್ತು.

"ಯಾವ ಕೊಕ್ಕೆ ಕೆಟ್ಟದ್ದು?"

"ಗೊತ್ತಿಲ್ಲ ಅಣ್ಣ."

"ಗೊತ್ತಿಲ್ಲ ಅಂದ್ರೆ? ಪರೀಕ್ಷೆ ಮಾಡಿರ್ತೀರಲ್ಲ?"

ಅವಳು ಪಟ್ಟಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

"ಅಲ್ಲಮ್ಮ," ಆ ದನಿ ಈಗ ಬಹಳ ಮೆತ್ತಗೆ, ಪಕ್ಕದಲ್ಲಿ ನೇತಾಡುತ್ತಿದ್ದ ಮಗನಿಗೆ ಕೇಳಬಾರದೆನ್ನುವ ಹಾಗೆ, ಕೇಳಿತು. "ಇಳಿಯೋದೂ ಈ ಕೊಕ್ಕೆ ಮೇಲೇ ಅಲ್ವಾ?"