ಮುಖ ಒರೆಸುವ ದೃಶ್ಯ

ಮೊದಲ ದಿನ ಅವಳು ನನ್ನನ್ನು ಮಿಷಿನ್ ರಿಪೇರಿಯವನೆಂದು ತಿಳಿದಳು.

“ವಾರದಿಂದ ಕೆಟ್ಟು ಕೂತಿದೆ, ಈಗ ಬಂದ್ರಾ ಮಹಾರಾಯರು?” ಎಂದು ಹೊಲಿಗೆ ಮಿಷಿನ್ನನ್ನು ನನ್ನ ಕಡೆ ತಿರುಗಿಸಿದಳು.

ಕಿರುಚಿತ್ರ ಮಾಡಲು ಬಂದವನು ನಾನು. ಆದರೂ ಬಾಯಿ ಮುಚ್ಚಿಕೊಂಡು ಸ್ಕ್ರೂ ಬಿಚ್ಚಿದೆ. ಆ ಕಣ್ಣು ನೋಡಿದ ಮೇಲೆ ನಿಜ ಹೇಳುವ ಮನಸ್ಸು ಯಾವನಿಗೆ ಬರುತ್ತದೆ! ಮಿಷಿನ್ ಇನ್ನಷ್ಟು ಕೆಟ್ಟಿತು. ವಿಷಯ ತಿಳಿದಾಗ ಅವಳು ಹೊಟ್ಟೆ ಹುಣ್ಣಾಗುವಂತೆ ನಕ್ಕಳು.

“ಸಿನಿಮಾನಾದ್ರೂ ಸರಿಯಾಗಿ ಮಾಡ್ತೀರೋ ಇಲ್ವೋ?”

ಸಿನಿಮಾ ಆ ಊರಿನ ಗಣಿಗೆ ನೀರು ನುಗ್ಗಿದ ದಿನದ್ದು. ಒಳಗಿದ್ದವರು ಯಾರೂ ಮೇಲೆ ಬರಲಿಲ್ಲ, ಹೆಣವೂ ಸಿಗಲಿಲ್ಲ. ಅವಳ ಗಂಡನೂ ಅವರಲ್ಲೊಬ್ಬ. ಕಾಯುವ ಹೆಂಡತಿಯ ಪಾತ್ರ ಮಾಡಲು ಅವಳೇ ಒಪ್ಪಿದ್ದಳು.

ಶೂಟಿಂಗ್ ಮುಗಿಯುತ್ತ ಬಂದಾಗ ಹೇಳಿಯೇಬಿಟ್ಟೆ. “ನಿಮ್ಮನ್ನ ಬಿಟ್ಟು ಹೋಗೋಕೆ ಕಾಲೇ ಬರ್ತಿಲ್ಲ. ನನ್ನ ಮದುವೆ ಆಗ್ತೀರಾ?”

ಅವಳು ದಾರವನ್ನು ಹಲ್ಲಿನಲ್ಲಿ ಕಡಿದಳು. ಕೆನ್ನೆ ಕೆಂಪಾಗಿತ್ತು, ಸುಳ್ಳಲ್ಲ.

“ನೀವಂದ್ರೆ ನಂಗೂ ಇಷ್ಟಾನೇ, ಡೈರೆಕ್ಟರೇ. ಕೊನೇ ಶಾಟ್ ಮುಗೀಲಿ, ಹೇಳ್ತೀನಿ.”

ಕೊನೆಯ ಶಾಟ್ ಹೆಂಡತಿಯ ಕನಸು. ಅದರಲ್ಲಿ ಗಂಡ ಮೇಲೆ ಬರುತ್ತಾನೆ. ಆ ಪಾತ್ರದವನು ಜ್ವರ ಬಂದು ಮಲಗಿದ್ದ. ನಾನೇ ಗಣಿಯ ಬಟ್ಟೆ ತೊಟ್ಟು ಮುಖಕ್ಕೆ ಮಸಿ ಬಳಿದುಕೊಂಡೆ. ಗಣಿಯಿಂದ ಬಂದವರೆಲ್ಲ ಒಂದೇ ಕಪ್ಪು. ಅದಕ್ಕೇ ಅಲ್ಲಿನ ಹೆಂಗಸರು ಒದ್ದೆ ಬಟ್ಟೆ ಹಿಡಿದು ಹೊರಗೆ ನಿಂತಿರುತ್ತಿದ್ದರಂತೆ, ಮುಖ ಒರೆಸಿ ತಮ್ಮವರನ್ನು ಮನೆಗೆ ಕರೆದೊಯ್ಯುತ್ತಿದ್ದರಂತೆ.

ಪಾಳುಬಿದ್ದ ಗಣಿಯ ಬಾಯಿಂದ ನಾನು ಹೊರಬಂದೆ. ಅವಳು ಓಡಿ ಬಂದಳು.

“ಎಷ್ಟೊತ್ತು ಮಾಡಿದ್ರಿ! ಊಟ ಆರಿಹೋಯ್ತಲ್ರೀ.”

ಸ್ಕ್ರಿಪ್ಟಿನಲ್ಲಿ ಆ ಮಾತು ಇರಲಿಲ್ಲ. ಹಣೆ ಒರೆಸಿದಳು, ಕಣ್ಣಿನ ಸುತ್ತ ಒರೆಸಿದಳು. ಅಷ್ಟು ಮೆತ್ತಗೆ ನನ್ನನ್ನು ಯಾರೂ ಮುಟ್ಟಿರಲಿಲ್ಲ. ದೇವರಾಣೆ, ಆ ಗಳಿಗೆಯಲ್ಲಿ ನನ್ನಷ್ಟು ಸುಖಿ ಇನ್ನೊಬ್ಬನಿರಲಿಲ್ಲ.

ಕೆನ್ನೆಗೆ ಬಂದಾಗ ಅವಳ ಕೈ ನಿಂತಿತು. ನನ್ನ ಮುಖ ಕಂಡಿತ್ತು.

ಕಟ್ ಎನ್ನಬೇಕಾದವನು ನಾನೇ, ಅದನ್ನೇ ಮರೆತಿದ್ದೆ. ಕೊನೆಗೆ, “ಶಾಟ್ ಚೆನ್ನಾಗಿ ಬಂತು. ಈಗ ಹೇಳಿ,” ಎಂದೆ.

ಅವಳು ಬಟ್ಟೆ ಹಿಂಡಿದಳು. ಕಪ್ಪು ನೀರು ಇಬ್ಬರ ಕಾಲ ಮೇಲೂ ಬಿತ್ತು.

“ತಪ್ಪು ತಿಳ್ಕೋಬೇಡಿ... ಇನ್ನೊಂದು ಸಲ ಮಸಿ ಬಳ್ಕೊಳ್ತೀರಾ?”

ಸಿನಿಮಾಗೆ ಇನ್ನೊಂದು ಟೇಕ್ ಬೇಕಿರಲಿಲ್ಲ. ನನಗೆ ಉತ್ತರವೂ ಸಿಕ್ಕಿತ್ತು. ಆದರೂ ಮುಖಕ್ಕೆಲ್ಲ ಮಸಿ ಬಳಿದುಕೊಂಡು ಮತ್ತೆ ಒಳಗೆ ಹೋಗಿ ನಿಂತೆ.