ಫೆಬ್ರವರಿಯ ಗರ್ನಾಲು

"ನೀನಾ?!"

ಡೊರಿಟಾಳ ಕೈಯಲ್ಲಿದ್ದ ಮೈಕ್ ಜಾರಿ ಬಿತ್ತು. ಆ ಸದ್ದು ಖಾಲಿ ಸಭಾಂಗಣದ ತುಂಬ ಕೇಳಿಸಿತು.

ವೇದಿಕೆಯ ಮೆಟ್ಟಿಲ ಹತ್ತಿರ ನಿಂತಿದ್ದವನು ಸಾಲ್ವು. ಈ ಜನ್ಮದಲ್ಲಿ ಇವನ ಮುಖ ನೋಡಬಾರದು ಅಂತ ಅವಳು ಆಣೆ ಇಟ್ಟುಕೊಂಡಿದ್ದಳು. ಅವಳ ಅಣ್ಣನನ್ನು ಸಾವಿನ ಬಾಯಿಗೆ ಕರೆದುಕೊಂಡು ಹೋದವನು!

'ದೇವರೇ... ಇವನನ್ನ ಯಾರು ಕರೆಸಿದ್ರು?'

ಕರೆಸಿದ್ದು ಚೆನ್ಸಾ ಅತ್ತೆ. ಅಪ್ಪನ ತಂಗಿ, ಯುರೋಪಿನ ಹಾಡಿನ ಸ್ಪರ್ಧೆಗೆ ಬಂದ ಮಾಲ್ಟಾ ತಂಡದ ಮುಖ್ಯಸ್ಥೆ.

"ನಿನ್ನ ಹಿಂದೆ ನಿಂತು ದನಿಗೂಡಿಸೋ ಹುಡುಗನಿಗೆ ಗಂಟಲು ಕಟ್ಟಿದೆ ಕಣೇ. ಇಲ್ಲಿ ರೆಕಾರ್ಡ್ ಹಾಕೋ ಹಾಗಿಲ್ಲ, ಎಲ್ಲರೂ ವೇದಿಕೆ ಮೇಲೆ ನಿಂತೇ ಹಾಡಬೇಕು. ಈ ಹಾಡು ಕಟ್ಟಿದವನೇ ಸಾಲ್ವು. ಕಲಿಸೋ ಕೆಲಸ ಇಲ್ಲ."

"ನಮ್ಮ ದೇಶದಲ್ಲಿ ಬೇರೆ ಯಾರೂ ಇರಲಿಲ್ವಾ ಅತ್ತೆ?"

"ಇದ್ದಾರಲ್ಲ! ಅರ್ಧ ಜನ ನಿನ್ನ ಸಂಬಂಧಿಕರು, ಇನ್ನರ್ಧ ನಿನ್ನೆದುರು ಸೋತು ಮುಖ ಊದಿಸಿಕೊಂಡಿರೋರು. ಯಾರನ್ನ ಕರೀಲಿ, ಹೇಳು!"

ನಮ್ಮ ದ್ವೀಪದ ಹಣೆಬರಹವೇ ಇಷ್ಟು. ಮುನಿಸಿಕೊಂಡು ದೂರ ಹೋಗೋಣ ಅಂದರೆ ಹೋಗೋಕೆ ಜಾಗವೇ ಇಲ್ಲ. ಸಮುದ್ರ ದಾಟಿ ಈ ಚಳಿಯ ಊರಿಗೆ ಬಂದರೂ ಅದೇ ಮುಖ ಎದುರಿಗೆ!

ಡೊರಿಟಾ ಆಯ್ಕೆ ಸ್ಪರ್ಧೆ ಗೆದ್ದದ್ದು ಫೆಬ್ರವರಿಯಲ್ಲಿ. ಆಗ ಸಾಲ್ವು ಅವಳ ಪ್ರಾಣವಾಗಿದ್ದ. ಈಸ್ಟರ್ ಕಳೆದ ಮೇಲೆ ನಿಶ್ಚಿತಾರ್ಥ ಅಂತ ಎರಡೂ ಮನೆಯವರು ಒಪ್ಪಿದ್ದರು.

ಗೆದ್ದ ಮರುದಿನ ಬೆಳಿಗ್ಗೆ ಊರಾಚೆ ಪಟಾಕಿ ಮಾಡುವ ಮದ್ದಿನ ಮನೆ ಸಿಡಿಯಿತು.

ನಮ್ಮಲ್ಲಿ ಸಂತನ ಹಬ್ಬಕ್ಕೆ ಆಕಾಶದಲ್ಲಿ ಸಿಡಿಸುವ ಗರ್ನಾಲುಗಳನ್ನು ಊರ ಗಂಡಸರೇ ಕೈಯಾರೆ ಮಾಡುತ್ತಾರೆ. ಅದು ಸಂಬಳದ ಕೆಲಸವಲ್ಲ, ಹುಚ್ಚು! ಆ ಹುಚ್ಚಿಗೆ ಡೊರಿಟಾಳ ಅಣ್ಣ ಲಿಪ್ಪು ಬಲಿಯಾದ. ಹೊಲದ ಕಲ್ಲುಗೋಡೆಗಳ ಆಚೆಯಿಂದ ಏನೇನು ಆಯ್ದು ತಂದರೋ... ಶವಪೆಟ್ಟಿಗೆಯ ಮುಚ್ಚಳ ತೆಗೆಯಲು ಅಮ್ಮನಿಗೂ ಬಿಡಲಿಲ್ಲ.

ಬಾಗಿಲ ಬಳಿ ಇದ್ದ ಸಾಲ್ವು ಸುಟ್ಟ ಗಾಯಗಳೊಂದಿಗೆ ಬದುಕಿದ. ಆಸ್ಪತ್ರೆಯ ಹಾಸಿಗೆಯಲ್ಲೇ ವಿಚಾರಣೆಗೆ ಹೇಳಿಕೆ ಕೊಟ್ಟ. "ಆಗಸ್ಟ್ ಹಬ್ಬಕ್ಕೆ ಗರ್ನಾಲು ತುಂಬೋಣ ಬಾ ಅಂತ ನಾನೇ ಒತ್ತಾಯ ಮಾಡಿದೆ. ಲಿಪ್ಪುಗೆ ಇಷ್ಟ ಇರಲಿಲ್ಲ."

ಡೊರಿಟಾ ಓಡಿ ಹೋಗಿ ಒಂದೇ ಮಾತು ಕೇಳಿದ್ದಳು. "ನಿಜಾನಾ?"

"ಹೌದು," ಅಂದಿದ್ದ, ಗೋಡೆ ನೋಡುತ್ತಾ.

ಅಲ್ಲಿಗೆ ಮುಗಿದಿತ್ತು. ಹಾಡನ್ನೂ ಬಿಡುತ್ತೇನೆ ಅಂದಾಗ ಅಮ್ಮ, "ನೀನು ಹಾಡೋದು ನೋಡಬೇಕು ಅಂತ ನಿನ್ನ ಅಣ್ಣನಿಗೆ ಆಸೆ ಇತ್ತು, ಹೋಗು ಮಗಳೇ," ಅಂತ ಅತ್ತಿದ್ದಳು. ಅದೊಂದು ಮಾತಿಗೆ ಕಟ್ಟುಬಿದ್ದು ಡೊರಿಟಾ ಇಲ್ಲಿ ನಿಂತಿದ್ದಳು.

"ಹಾಡು. ಆದರೆ ನನ್ನ ಜೊತೆ ಮಾತಾಡಬೇಡ," ಅಂದಳು ಸಾಲ್ವುಗೆ.

ಅವನು ತಲೆಯಾಡಿಸಿದ.

ಅಭ್ಯಾಸ ಶುರುವಾಯಿತು. ಅವಳ ಬೆನ್ನ ಹಿಂದಿನಿಂದ ಆ ದನಿ ಬಂದು ಅವಳ ದನಿಯ ಜೊತೆ ಸೇರಿದಾಗ ಡೊರಿಟಾಳ ಕಣ್ಣು ತುಂಬಿತು. 'ಅಳಬೇಡ... ಇವನೆದುರು ಅಳಬೇಡ...'

ಹಾಡಿನ ಕೊನೆಗೆ ವೇದಿಕೆಯ ಎರಡೂ ಕಡೆಯಿಂದ ಬೆಂಕಿಯ ಹೂಬಾಣ 'ಸುಯ್ಯ್' ಎಂದು ಎದ್ದಿತು. ಹಿಂದಿನ ದನಿ ತಟ್ಟನೆ ನಿಂತಿತು. ತಿರುಗಿ ನೋಡಿದರೆ, ಸಾಲ್ವು ತಲೆ ಮೇಲೆ ಕೈಯಿಟ್ಟುಕೊಂಡು ನೆಲದ ಮೇಲೆ ಮುದುರಿಕೊಂಡಿದ್ದ. ಅಂಗಿಯ ತೋಳು ಜಾರಿ, ಮೊಣಕೈತನಕ ಸುಕ್ಕುಗಟ್ಟಿದ ಚರ್ಮ ಕಾಣುತ್ತಿತ್ತು.

"ಲಿಪ್ಪು... ಬೇಡ ಕಣೋ... ಹೊರಗೆ ಬಾ..."

ಡೊರಿಟಾ ಕಲ್ಲಾಗಿ ನಿಂತಳು. ಒತ್ತಾಯ ಮಾಡಿ ಕರೆದುಕೊಂಡು ಹೋದವನು 'ಹೊರಗೆ ಬಾ' ಅಂತ ಯಾಕೆ ಬೇಡಿಕೊಳ್ಳುತ್ತಾನೆ?

ಸಂಜೆ ಅಪ್ಪ ವೆನ್ಝು ಫೋನ್ ಮಾಡಿದ. ಮದ್ದಿನ ಮನೆಯ ಉಸ್ತುವಾರಿ ಅವನದೇ. ಮಗ ಹೋದ ಮೇಲೆ ಅವನ ಮಾತು ಕಡಿಮೆಯಾಗಿತ್ತು.

"ಊಟ ಆಯ್ತಾ?"

"ಆಯ್ತಪ್ಪ. ನೀವೇನು ಮಾಡ್ತಿದ್ದೀರಿ?"

"ಹೊಸ ಶೆಡ್ಡಲ್ಲಿ ಹುಡುಗರು ಇವತ್ತಿಂದ ಮದ್ದು ತುಂಬೋಕೆ ಶುರು ಮಾಡಿದ್ರು. ಮೇ ಬಂತಲ್ಲ."

"ಮೇ ತಿಂಗಳಲ್ಲೇನಾ? ಅದಕ್ಕೆ ಮುಂಚೆ ತುಂಬಲ್ವಾ?"

"ಚಳಿಗಾಲದ ತೇವದಲ್ಲಿ ಯಾರು ತುಂಬ್ತಾರೆ? ಆಗ ಬರೀ ಕಾಗದ ಸುತ್ತೋದು..."

ಅಪ್ಪನ ಮಾತು ಅಲ್ಲೇ ನಿಂತಿತು. ಆಮೇಲೆ ಫೋನೂ ಕಟ್ಟಾಯಿತು.

ಹೆಣ್ಣುಮಕ್ಕಳನ್ನು ಮದ್ದಿನ ಮನೆಯ ಹತ್ತಿರಕ್ಕೂ ಬಿಡುವುದಿಲ್ಲ. ಡೊರಿಟಾಗೆ ಇದು ಗೊತ್ತಿರಲೇ ಇಲ್ಲ. ಹಾಗಾದರೆ ಫೆಬ್ರವರಿಯಲ್ಲಿ ಅಣ್ಣ ಏನು ತುಂಬುತ್ತಿದ್ದ? ಯಾರಿಗಾಗಿ?!

ಸಾಲ್ವು ಹೋಟೆಲಿನ ಊಟದ ಕೋಣೆಯಲ್ಲಿ ಒಬ್ಬನೇ ಕೂತಿದ್ದ. ಚೆನ್ಸಾ ಅತ್ತೆ ಊರಿಂದ ಕಟ್ಟಿಕೊಂಡು ಬಂದಿದ್ದ ಗಿಣ್ಣು ತುಂಬಿದ ಕಡುಬು, ಪಸ್ತಿತ್ಸಿ, ಮುಟ್ಟದೆ ತಟ್ಟೆಯಲ್ಲೇ ಇತ್ತು.

"ಆಗಸ್ಟ್ ಹಬ್ಬಕ್ಕೆ ಫೆಬ್ರವರೀಲಿ ಯಾರೂ ತುಂಬಲ್ವಂತೆ," ಅಂದಳು, ಕೂರದೆ.

ಸಾಲ್ವುವಿನ ಮುಖ ಬಿಳುಚಿಕೊಂಡಿತು.

"ಯಾಕೋ ಸುಳ್ಳು ಹೇಳಿದೆ? ನನ್ನ ಕಣ್ಣು ನೋಡಿ ಹೇಳು!"

"ಬಿಡು ಡೊರಿಟಾ. ನಾಳೆ ಹಾಡಬೇಕು ನೀನು..."

"ನನಗಾಗಿ ತಾನೇ? ನಾನು ಗೆದ್ದೆ ಅಂತ ತಾನೇ?!"

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಕೊನೆಗೆ ಹೇಳಿದ.

"'ತಂಗಿ ಊರಿಗೆ ಕಾಲಿಡುವಾಗ ಆಕಾಶ ಸುಮ್ಮನಿರಬಾರದು' ಅಂದ. ಬೇಡ ಅಂತ ಬೇಡಿಕೊಂಡೆ. ಬೆಳಿಗ್ಗೆ ಒಬ್ಬನೇ ಹೋಗಿಬಿಟ್ಟಿದ್ದ. ನಾನು ಬಾಗಿಲು ಮುಟ್ಟುವಷ್ಟರಲ್ಲಿ..."

ಡೊರಿಟಾ ಕುರ್ಚಿಯ ಮೇಲೆ ಕುಸಿದಳು.

"ಹಾಗಾದ್ರೆ ಅಣ್ಣನ್ನ ಕೊಂದಿದ್ದು ನಾನು... ನನ್ನ ಹಾಡು..."

"ಈ ಮಾತು ನಿನ್ನ ಬಾಯಲ್ಲಿ ಬರಬಾರದು ಅಂತಾನೇ ಕಣೇ ನನ್ನ ಮೇಲೆ ಹಾಕ್ಕೊಂಡಿದ್ದು! ನೀನು ನನ್ನ ದ್ವೇಷಿಸಿ ಬದುಕಿದ್ರೆ ಸಾಕು ಅನ್ನಿಸ್ತು. ನಿನ್ನನ್ನೇ ದ್ವೇಷಿಸಿಕೊಂಡ್ರೆ ನೀನು ಉಳೀತಿರಲಿಲ್ಲ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟು ದಿನ ಶಾಪ ಹಾಕಿದ್ದೆಲ್ಲ ನೆನಪಾಗಿ ಎದೆ ಉರಿಯಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ನೋಡಿಕೊಳ್ಳಲಿ!

"ನಾಳೆ ನನ್ನಿಂದಾಗಲ್ಲ ಸಾಲ್ವು. ಈ ಹಾಡು ಬಾಯಿಗೇ ಬರಲ್ಲ."

"ಬರದಿದ್ರೆ ಬೇಡ. ಆದರೆ ಅವನು ಟಿವಿ ಮುಂದೆ ಕುಣಿದಾಡಿದ್ದು ಈ ಹಾಡಿಗೇ. ಅದನ್ನೂ ಮರೀಬೇಡ."

ಮರುದಿನ ಸ್ಪರ್ಧೆಗೆ ಮೊದಲು ಅವಳು ಅತ್ತೆಯ ಎದುರು ನಿಂತಳು.

"ಅತ್ತೆ, ಬೆಂಕಿ ಬೇಡ."

"ಅಯ್ಯೋ! ಆ ಹೂಬಾಣಕ್ಕೆ ಎಷ್ಟು ಜಗಳ ಆಡಿದ್ದೀನಿ ಗೊತ್ತಾ? ಅದಿಲ್ದೆ ಯಾರು ವೋಟ್ ಹಾಕ್ತಾರೆ?"

"ಯಾರೂ ಹಾಕೋದು ಬೇಡ. ಅಮ್ಮ ನೋಡ್ತಿರ್ತಾಳೆ."

ಅತ್ತೆ ಸೆರಗಿಲ್ಲದ ಹೆಂಗಸು, ಕೊರಳಲ್ಲಿದ್ದ ಗುರುತುಚೀಟಿಯ ಪಟ್ಟಿಯಿಂದಲೇ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಆ ರಾತ್ರಿ ಡೊರಿಟಾ ಹಾಡಿದಳು. ಕೊನೆಯ ಸಾಲಿಗೆ ದನಿ ಒಡೆಯಿತು. ಕ್ಯಾಮೆರಾಗೆ ಬೆನ್ನು ತಿರುಗಿಸಬಾರದು ಅಂತ ಎಷ್ಟು ಸಲ ಹೇಳಿಕೊಟ್ಟಿದ್ದರೂ ಅವಳು ತಿರುಗಿದಳು. ಸಾಲ್ವುವನ್ನೇ ನೋಡುತ್ತಾ, ಅವನ ದನಿ ಹಿಡಿದು ಹಾಡು ಮುಗಿಸಿದಳು. ಬೆಂಕಿ ಏಳಲಿಲ್ಲ.

ಒಂದೊಂದೇ ದೇಶ ಅಂಕ ಹೇಳಿತು. ಮಾಲ್ಟಾ ಎಲ್ಲರಿಗಿಂತ ಕೊನೆಗೆ!

ಊರಿಗೆ ಬಂದಾಗ ವಾದ್ಯ ಇರಲಿಲ್ಲ, ಕಾರುಗಳ ಹಾರನ್ ಇರಲಿಲ್ಲ. ಊರಿನ ಹಬ್ಬದ ಬ್ಯಾಂಡಿನವರು ಸೇರುವ ವಾದ್ಯಸಂಘದ ಬಾಗಿಲಲ್ಲಿ ಅಪ್ಪ ನಿಂತಿದ್ದ. ಒಳಗೆ ಕೂತಿದ್ದ ಗಂಡಸರು ಸಾಲ್ವುವನ್ನು ಕಂಡು ತಲೆ ತಗ್ಗಿಸಿದರು.

"ಅಪ್ಪ, ನಿಮಗೆ ಗೊತ್ತಿತ್ತು ಅಲ್ವಾ?"

"ಗೊತ್ತಿತ್ತು," ಅಂದ ವೆನ್ಝು. "ಫೆಬ್ರವರೀಲಿ ಯಾರೂ ತುಂಬಲ್ಲ ಅಂತ ಊರಿಗೆಲ್ಲ ಗೊತ್ತಿತ್ತು ಮಗಳೇ."

"ಮತ್ತೆ ಇವನನ್ನ ಬೀದೀಲಿ ಉಗಿದ್ರಲ್ಲ?!"

"ಉಗಿಯೋಕೆ ಒಬ್ಬ ಬೇಕಿತ್ತು. ಇವನು ತಾನಾಗೇ ಮುಂದೆ ಬಂದ. ನಾವು ಬಿಟ್ವಿ." ಅಪ್ಪ ಅವಳಿಂದ ಮುಖ ತಿರುಗಿಸಿಕೊಂಡ. "ಇಲ್ಲದಿದ್ರೆ ತಪ್ಪು ಯಾರದು ಅಂತ ನಿನ್ನ ಮುಖ ನೋಡಬೇಕಾಗ್ತಿತ್ತು."

ಅವನು ಸಾಲ್ವುವಿನ ಸುಟ್ಟ ಕೈ ಹಿಡಿದುಕೊಂಡ. ಹಾಗೇ ಎಳೆದುಕೊಂಡು ಹೋಗಿ ಲಿಪ್ಪು ಕೂರುತ್ತಿದ್ದ ಕುರ್ಚಿಯಲ್ಲಿ ಕೂರಿಸಿದ. ಆ ಕುರ್ಚಿ ಅಂದಿನಿಂದ ಖಾಲಿ ಇತ್ತು.

ಸಂಜೆ ಇಬ್ಬರೂ ಲಿಪ್ಪುವಿನ ಸಮಾಧಿಗೆ ಹೋದರು. ಡೊರಿಟಾ ಕಲ್ಲಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದಳು.

"ಕೊನೆ ಸ್ಥಾನ ಬಂತು ಕಣೋ ಅಣ್ಣ... ಬೈಕೋಬೇಡ."

ಆಮೇಲೆ ಸಾಲ್ವುವಿನ ಕಡೆ ತಿರುಗಿದಳು. "ಇದು ನನ್ನ ಎದೆಯಿಂದ ಯಾವತ್ತೂ ಇಳಿಯಲ್ಲ ಸಾಲ್ವು. ಸಾಯೋತನಕ."

"ಗೊತ್ತು."

"ಇಷ್ಟು ದಿನ ನೀನೊಬ್ಬನೇ ಹೊತ್ತೆ. ಇನ್ಮೇಲೆ ಹಾಗೆ ಮಾಡಬೇಡ."

"ನಿನಗೆ ಭಾರ ಆಗುತ್ತೆ ಕಣೇ..."

"ಆಗಲಿ. ನೀನಿರ್ತೀಯ ತಾನೇ?"

"ಇರ್ತೀನಿ."

ಅವಳು ಅವನ ಸುಟ್ಟ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು.

"ಹಾಗಾದ್ರೆ ಮನೆಗೆ ಬಾ. ಅಮ್ಮ ನಿನಗೂ ತಟ್ಟೆ ಇಟ್ಟಿದ್ದಾಳೆ."